ಎರಡು ಮಹಾಯುದ್ಧಗಳ ನಡುವಣ ಜರ್ಮನಿ: ಕಲೆ, ಜನಜೀವನ, ಅಧಿಕಾರ

ಒಂದು ರಾಷ್ಟ್ರದ ಏಳುಬೀಳುಗಳನ್ನು ವಿವೇಚಿಸುವಾಗ ನಾವು ಸಾಮಾನ್ಯವಾಗಿ ಅರಸರನ್ನು, ಮಂತ್ರಿಗಳನ್ನು, ಸೇನಾಪತಿಗಳನ್ನು ನೆನೆಯುತ್ತೇವೆ. ಅಲ್ಲಿಯ ಜನರು ಸಂಜೆಯ ಹೊತ್ತು ಯಾವ ಹಾಡನ್ನು ಕೇಳುತ್ತಿದ್ದರು, ಯಾವ ನಾಟಕವನ್ನು ನೋಡುತ್ತಿದ್ದರು, ಎಂತಹ ಮನೆಗಳಲ್ಲಿ ಬಾಳುತ್ತಿದ್ದರು ಎಂಬ ಸಂಗತಿಗಳು ನಮಗೆ ಗೌಣವಾಗಿ ತೋರುತ್ತವೆ. ಆದರೆ 1918ರಿಂದ 1933ರ ವರೆಗಿನ ಜರ್ಮನಿಯ ಚರಿತ್ರೆಯಲ್ಲಿ ಈ ಸಂಗತಿಗಳನ್ನು ಕೈಬಿಟ್ಟರೆ ಉಳಿದುದರ ಅರ್ಥವೇ ತಿಳಿಯದಂತಾಗುತ್ತದೆ. ಆ ಹದಿನಾಲ್ಕು ವರ್ಷಗಳಲ್ಲಿ ಚಿತ್ರಕಲೆ, ವಾಸ್ತುಶಿಲ್ಪ, ರಂಗಭೂಮಿ, ಚಲನಚಿತ್ರ, ಬಾನುಲಿ ಇವೆಲ್ಲವೂ ಅಲ್ಲಿ ಹೊಸ ರೂಪವನ್ನು ತಾಳಿದವು. ಅವುಗಳ ಪ್ರಭಾವವು ಇಂದಿಗೂ ಜಗತ್ತಿನ ಹಲವೆಡೆ ಮನೆಗಳ ಕಟ್ಟಣೆಯಲ್ಲಿ, ಕುರ್ಚಿ ಮೇಜುಗಳ ಆಕಾರದಲ್ಲಿ, ಬೆಳ್ಳಿತೆರೆಯ ಕಥೆಗಳಲ್ಲಿ ಕಾಣುತ್ತಲಿದೆ. ಅಂತಹ ಸೃಷ್ಟಿಶೀಲ ಸಮಾಜವೇ 1933ರಲ್ಲಿ ಕೆಲವೇ ವಾರಗಳೊಳಗೆ ಒಬ್ಬ ಸರ್ವಾಧಿಕಾರಿಯ ವಶವಾಯಿತು. ಇದು ಹೇಗೆ ಸಂಭವಿಸಿತು?

ಈ ಪ್ರಶ್ನೆಗೆ ಬಹುಕಾಲದಿಂದ ಪ್ರಚಲಿತವಾಗಿರುವ ಒಂದು ಸುಲಭವಾದ ಉತ್ತರವುಂಟು. ಯುದ್ಧದಲ್ಲಿ ಸೋತ ಜರ್ಮನರು ಕುಡಿತ, ಕುಣಿತ, ವಿಲಾಸಗಳಲ್ಲಿ ಮೈಮರೆತರು, ನೀತಿ ಸಡಿಲವಾಯಿತು, ಕಲೆ ಕೆಟ್ಟಿತು, ಅದರ ಫಲವಾಗಿ ಹಿಟ್ಲರನು ಬಂದನು ಎಂಬುದೇ ಆ ಉತ್ತರ. ನೀತಿಕಥೆಯಾಗಿ ಇದು ಅಂದವಾಗಿಯೇ ಇದೆ. ಆದರೆ ಇದೇ ಮಾತನ್ನು ಹಿಟ್ಲರನ ಪಕ್ಷದವರೂ ತಮ್ಮ ಸಭೆಗಳಲ್ಲಿ ಹೇಳುತ್ತಿದ್ದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕೊಂದವನ ಬಾಯಿಂದ ಬಂದ ಕಾರಣವನ್ನೇ ಮರಣದ ಕಾರಣವೆಂದು ಒಪ್ಪುವುದಕ್ಕೆ ಮುಂಚೆ ನಾವು ಸಂಗತಿಗಳನ್ನು ಒಂದೊಂದಾಗಿ ಪರಿಶೀಲಿಸುವುದು ಒಳ್ಳೆಯದು.

ಯುದ್ಧದ ಬೂದಿಯಿಂದ

1918ರ ನವೆಂಬರ್ 9ರಂದು ಜರ್ಮನಿಯ ಚಕ್ರವರ್ತಿಯು ಸಿಂಹಾಸನವನ್ನು ತ್ಯಜಿಸಿದುದಾಗಿ ಘೋಷಣೆಯಾಯಿತು. ನಾಲ್ಕು ವರ್ಷಗಳ ಯುದ್ಧದಲ್ಲಿ ಸುಮಾರು 20 ಲಕ್ಷ ಜರ್ಮನ್ ಯೋಧರು ಮಡಿದಿದ್ದರು. ಅಂಗಹೀನರಾಗಿ ಹಿಂದಿರುಗಿದವರು ಬೀದಿಬೀದಿಗಳಲ್ಲಿ ಕಾಣುತ್ತಿದ್ದರು. ರಾಜಧಾನಿ ಬರ್ಲಿನ್ನಿನಲ್ಲಿ ದಂಗೆಗಳೆದ್ದುದರಿಂದ ಹೊಸ ರಾಷ್ಟ್ರಸಭೆಯು 1919ರ ಫೆಬ್ರವರಿಯಲ್ಲಿ ವೈಮಾರ್ ಎಂಬ ಚಿಕ್ಕ ಪಟ್ಟಣದಲ್ಲಿ ಸೇರಿತು. ಮಹಾಕವಿ ಗಯಟೆಯು ಬಾಳಿದ ಊರು ಅದು. ಅಲ್ಲಿ ರಚಿತವಾದ ಸಂವಿಧಾನವು ಅದೇ ವರ್ಷದ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಆದಕಾರಣವೇ ಆ ಗಣರಾಜ್ಯಕ್ಕೆ ವೈಮಾರ್ ಗಣರಾಜ್ಯವೆಂಬ ಹೆಸರು ಚರಿತ್ರೆಯಲ್ಲಿ ನಿಂತಿತು.

ಆ ಸಂವಿಧಾನದ ಕೆಲವು ವಿಧಿಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಸ್ತ್ರೀಪುರುಷರಿಬ್ಬರಿಗೂ ಮೂಲತಃ ಸಮಾನವಾದ ನಾಗರಿಕ ಹಕ್ಕುಗಳಿವೆಯೆಂದು 109ನೆಯ ವಿಧಿಯು ಸಾರಿತು. ಮಾತು, ಬರೆಹ, ಮುದ್ರಣ, ಚಿತ್ರಗಳ ಮೂಲಕ ಅಭಿಪ್ರಾಯವನ್ನು ಹೇಳುವ ಸ್ವಾತಂತ್ರ್ಯವನ್ನು 118ನೆಯ ವಿಧಿಯು ಕೊಟ್ಟಿತು. ಕಲೆ, ವಿಜ್ಞಾನ ಮತ್ತು ಅವುಗಳ ಬೋಧನೆ ಸ್ವತಂತ್ರವೆಂದು 142ನೆಯ ವಿಧಿಯು ನುಡಿಯಿತು. ಆದರೆ 118ನೆಯ ವಿಧಿಯಲ್ಲಿಯೇ ಒಂದು ಅಪವಾದವಿತ್ತು. ಚಲನಚಿತ್ರಗಳ ವಿಷಯದಲ್ಲಿ ಬೇರೆ ಕಾನೂನು ಮಾಡಬಹುದೆಂದು ಅಲ್ಲಿ ಹೇಳಿತ್ತು. ಅದರಂತೆ 1920ರಲ್ಲಿ ಚಿತ್ರಪರಿಶೀಲನೆಯ ಕಾನೂನು ಬಂದಿತು. ಬಹುಜನರನ್ನು ತಲಪುವ ಕಲೆಯ ಮೇಲೆ ಸರ್ಕಾರದ ಕೈ ಮೊದಲಿನಿಂದಲೂ ಇದ್ದಿತೆಂಬ ಈ ಅಂಶವನ್ನು ನಾವು ಮುಂದೆ ಮತ್ತೆ ಕಾಣುತ್ತೇವೆ.

ಈ ಹೊಸ ಕಾಲದ ಕಲೆಯು ಮೋಜಿನಿಂದ ಆರಂಭವಾಗಲಿಲ್ಲ, ದುಃಖದಿಂದ ಆರಂಭವಾಯಿತು. ಕೇಟೆ ಕೋಲ್ವಿಟ್ಸ್ ಎಂಬ ಕಲಾವಿದೆಯನ್ನು ಇಲ್ಲಿ ಸ್ಮರಿಸಬೇಕು. ಆಕೆಯ ಪತಿ ಬರ್ಲಿನ್ನಿನ ಬಡವರ ಬಡಾವಣೆಯಲ್ಲಿ ವೈದ್ಯರಾಗಿದ್ದರು. ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಯುದ್ಧದ ಮೊದಲ ತಿಂಗಳುಗಳಲ್ಲಿಯೇ ಮಡಿದನು. ಸೇನೆಯನ್ನು ಸೇರಲು ಆತನಿಗೆ ಅನುಮತಿ ದೊರೆಯುವಂತೆ ಮಾಡಿದವಳು ತಾಯಿಯೇ ಆಗಿದ್ದುದರಿಂದ ಆ ಶೋಕಕ್ಕೆ ಪಶ್ಚಾತ್ತಾಪವೂ ಬೆರೆತಿತ್ತು. ಆಕೆ ಮರದಲ್ಲಿ ಕೊರೆದು ಅಚ್ಚೊತ್ತಿದ ಯುದ್ಧಚಿತ್ರಗಳಲ್ಲಿ ರಣರಂಗವೇ ಇಲ್ಲ. ಹೆಚ್ಚಾಗಿ ಮನೆಯಲ್ಲುಳಿದ ತಾಯಂದಿರು, ವಿಧವೆಯರು, ಮಕ್ಕಳೇ ಇದ್ದಾರೆ. ಮಗನ ಸಮಾಧಿಯ ಬಳಿ ಇಡಲೆಂದು ಮೊಣಕಾಲೂರಿದ ತಂದೆತಾಯಿಗಳ ಎರಡು ಶಿಲಾಮೂರ್ತಿಗಳನ್ನು ರೂಪಿಸಲು ಆಕೆ ಹದಿನೇಳಕ್ಕೂ ಮಿಕ್ಕಿದ ವರ್ಷಗಳನ್ನು ಕಳೆದಳು. ಅವು 1932ರಲ್ಲಿ ಬೆಲ್ಜಿಯಂ ದೇಶದ ಯೋಧರ ಸ್ಮಶಾನದಲ್ಲಿ ಸ್ಥಾಪಿತವಾದವು. 1919ರಲ್ಲಿ ಪ್ರಷ್ಯದ ಕಲಾ ಅಕಾಡೆಮಿಗೆ ಚುನಾಯಿತಳಾದ ಮೊದಲ ಸ್ತ್ರೀ ಈಕೆ. ಇದೇ ಯುದ್ಧದಲ್ಲಿ ಕಾದಿ ಬಂದ ಒಟ್ಟೋ ಡಿಕ್ಸ್ ಎಂಬ ಚಿತ್ರಕಾರನು 1924ರಲ್ಲಿ ಕಂದಕಗಳ ಜೀವನವನ್ನು ಕುರಿತ 50 ಅಚ್ಚುಚಿತ್ರಗಳ ಮಾಲೆಯನ್ನು ಪ್ರಕಟಿಸಿದನು. ಅವನ್ನು ಕೆಟ್ಟ ಅಭಿರುಚಿಯವೆಂದು ಜರೆದವರು ಬಹಳ. ಕೆಟ್ಟುದು ಯುದ್ಧವೇ ಹೊರತು ಅದನ್ನು ತೋರಿಸಿದ ಚಿತ್ರವಲ್ಲವೆಂದು ಅರಿತವರು ಸ್ವಲ್ಪ ಜನ.

ಯುದ್ಧದ ಗಾಯ ಮಾಯುವುದಕ್ಕೆ ಮುಂಚೆಯೇ 1923ರಲ್ಲಿ ಹಣದ ಮೌಲ್ಯ ಕುಸಿಯಿತು. ಆ ವರ್ಷದ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳು ಸಮವಾದವು. ಜೀವಮಾನವೆಲ್ಲ ಮಿತವ್ಯಯದಿಂದ ಕೂಡಿಟ್ಟ ಉಪಾಧ್ಯಾಯರು, ಗುಮಾಸ್ತರು, ನಿವೃತ್ತರು, ವಿಧವೆಯರು ಒಂದೇ ವರ್ಷದಲ್ಲಿ ಬರಿಗೈಯವರಾದರು. ಸಾಲ ಮಾಡಿದವರು ಉಳಿದುಕೊಂಡರು, ಉಳಿತಾಯ ಮಾಡಿದವರು ಮುಳುಗಿದರು. ಹೊಸ ನಾಣ್ಯ ಬಂದು 1924ರಿಂದ ವ್ಯವಹಾರವು ಒಂದು ನೆಲೆಗೆ ನಿಂತಿತಾದರೂ, ಗಣರಾಜ್ಯವು ತಮ್ಮನ್ನು ವಂಚಿಸಿತೆಂಬ ಭಾವನೆ ಮಧ್ಯಮವರ್ಗದವರ ಮನಸ್ಸಿನಿಂದ ಹೋಗಲಿಲ್ಲ. ನೀತಿ ಸಡಿಲವಾಯಿತೆಂದು ದೂರುವವರು ಈ ಸಂಗತಿಯನ್ನು ಮೊದಲು ನೆನೆಯಬೇಕು.

ಎಲ್ಲರ ಮನೆಗೂ ಕಲೆ

1919ರ ಏಪ್ರಿಲಿನಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು ವೈಮಾರಿನಲ್ಲಿಯೇ ಬೌಹೌಸ್ ಎಂಬ ಕಲಾಶಾಲೆಯನ್ನು ಸ್ಥಾಪಿಸಿದನು. ಕಲಾವಿದನೂ ಕುಶಲಕರ್ಮಿಯೂ ಬೇರೆಬೇರೆ ಜಾತಿಯವರಲ್ಲ, ಬಡಗಿ, ನೇಕಾರ, ಕುಂಬಾರ, ಲೋಹಕಾರರ ಕೈಕೆಲಸದಿಂದಲೇ ಕಲೆಯು ಮೊದಲಾಗಬೇಕು ಎಂಬುದು ಆ ಶಾಲೆಯ ಮೂಲತತ್ತ್ವ. ಪೌಲ್ ಕ್ಲೇ, ವಾಸಿಲಿ ಕ್ಯಾಂಡಿನ್ಸ್ಕಿ ಮೊದಲಾದ ಜಗದ್ವಿಖ್ಯಾತ ಚಿತ್ರಕಾರರು ಅಲ್ಲಿ ಪಾಠ ಹೇಳಿದರು. ವಿದ್ಯಾರ್ಥಿಗಳು ಮೊದಲು ಮರ, ಗಾಜು, ಲೋಹ, ನೂಲು ಇವುಗಳ ಗುಣವನ್ನು ಮುಟ್ಟಿ ತಿಳಿಯಬೇಕಾಗಿತ್ತು. ಆಮೇಲೆ ಒಂದು ಕಾರ್ಯಾಗಾರವನ್ನು ಸೇರಬೇಕಾಗಿತ್ತು. ಮಾರ್ಸೆಲ್ ಬ್ರಾಯರ್ ಎಂಬವನು ಬೈಸಿಕಲ್ಲಿನ ಹಿಡಿಯನ್ನು ಕಂಡು, ಅದೇ ರೀತಿಯ ಬಾಗಿದ ಉಕ್ಕಿನ ಕೊಳವೆಯಿಂದ 1925ರ ಸುಮಾರಿಗೆ ಕುರ್ಚಿಯನ್ನು ರೂಪಿಸಿದನು. ಇಂದು ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ನಾವು ಕುಳಿತುಕೊಳ್ಳುವ ಕೊಳವೆಕಾಲಿನ ಕುರ್ಚಿಗಳ ವಂಶವು ಅಲ್ಲಿಗೆ ಮುಟ್ಟುತ್ತದೆ. ಈ ಶಾಲೆಯಲ್ಲಿಯೂ ಕುಂದುಗಳಿಲ್ಲದಿರಲಿಲ್ಲ. ಸಮಾನತೆಯನ್ನು ಸಾರಿದರೂ ಬಹುಪಾಲು ವಿದ್ಯಾರ್ಥಿನಿಯರನ್ನು ನೇಯ್ಗೆಯ ಕಾರ್ಯಾಗಾರಕ್ಕೇ ಕಳುಹಿಸುತ್ತಿದ್ದರು. ಆದರೂ ಗುಂಟಾ ಸ್ಟೋಲ್ಟ್ಸಲ್ ಎಂಬ ನೇಕಾರ್ತಿಯ ನೇತೃತ್ವದಲ್ಲಿ ಆ ಕಾರ್ಯಾಗಾರವೇ ಶಾಲೆಯ ಹೆಮ್ಮೆಯ ವಿಭಾಗವಾಯಿತು.

ಕಲೆಯು ಮನೆಯವರೆಗೆ ಬಂದುದಕ್ಕೆ ಇನ್ನೊಂದು ನಿದರ್ಶನ ನಗರಸಭೆಗಳ ವಸತಿಯೋಜನೆಗಳು. ಕತ್ತಲೆಯ ಹಿತ್ತಿಲುಮನೆಗಳಲ್ಲಿ ಕ್ಷಯರೋಗಕ್ಕೆ ತುತ್ತಾಗುತ್ತಿದ್ದ ಕಾರ್ಮಿಕರಿಗಾಗಿ ಬರ್ಲಿನ್ನಿನಲ್ಲಿ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಎಂಬವರು 1925ರಿಂದ ಕುದುರೆಯ ಲಾಳದ ಆಕಾರದ ಒಂದು ಬಡಾವಣೆಯನ್ನು ಕಟ್ಟಿಸಿದರು. ಪ್ರತಿಯೊಂದು ಮನೆಗೂ ಗಾಳಿ, ಬೆಳಕು, ಕಣ್ಣಿಗೆ ಹಸುರು ಸಿಗಬೇಕೆಂಬುದೇ ಅದರ ಲೆಕ್ಕಾಚಾರ. ಅಂದಿನ ಬರ್ಲಿನ್ನಿನ ಇಂತಹ ಆರು ಬಡಾವಣೆಗಳನ್ನು 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಫ್ರಾಂಕ್‌ಫರ್ಟ್ ನಗರದಲ್ಲಿ ಎರ್ನ್ಸ್ಟ್ ಮೈ ಎಂಬವನ ನೇತೃತ್ವದಲ್ಲಿ ನಡೆದ ವಸತಿಕಾರ್ಯಕ್ಕಾಗಿ ಮಾರ್ಗರೆಟೆ ಷುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆಯು 1926ರಲ್ಲಿ ಒಂದು ಅಡುಗೆಮನೆಯನ್ನು ರೂಪಿಸಿದಳು. ಅದರ ಅಗಲ 1.9 ಮೀಟರು, ಉದ್ದ 3.4 ಮೀಟರು. ಗೃಹಿಣಿಯು ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಎಷ್ಟು ಹೆಜ್ಜೆ ನಡೆಯುತ್ತಾಳೆಂದು ಅಳೆದು ಆ ಅಡುಗೆಮನೆಯನ್ನು ಜೋಡಿಸಲಾಗಿತ್ತು. ಅಂತಹವು ಸುಮಾರು 10,000 ನಿರ್ಮಿತವಾದವು. ಹೆಂಗಸಿನ ದಣಿವನ್ನು ವಾಸ್ತುಶಾಸ್ತ್ರದ ವಿಷಯವೆಂದು ಪರಿಗಣಿಸಿದ ಈ ಕಾಲವನ್ನು ವಿಲಾಸದ ಕಾಲವೆಂದು ಕರೆಯುವುದು ನ್ಯಾಯವೇ?

ಬೆಳ್ಳಿತೆರೆ, ಬಾನುಲಿ, ರಂಗಭೂಮಿ

ಇನ್ನು ಜನಪ್ರಿಯ ಸಂಸ್ಕೃತಿಯ ಕಡೆಗೆ ದೃಷ್ಟಿ ಹರಿಸೋಣ. ಬೆರಳಚ್ಚು ಮಾಡುವವರು, ಅಂಗಡಿಯ ಮಾರಾಟಗಾರ್ತಿಯರು, ಗುಮಾಸ್ತರು ಇವರ ಒಂದು ಹೊಸ ವರ್ಗವೇ ನಗರಗಳಲ್ಲಿ ಬೆಳೆದಿತ್ತು. ದುಡಿಮೆಯ ಅವಧಿಗೆ ಮಿತಿ ಬಂದುದರಿಂದ ಅವರಿಗೆ ಸಂಜೆಯ ಬಿಡುವು ದೊರೆಯಿತು. ಆ ಬಿಡುವನ್ನು ಮೊದಲು ತುಂಬಿದುದು ಚಲನಚಿತ್ರ. 1920ರ ದಶಕದ ಕೊನೆಗೆ ದೇಶದಲ್ಲಿ ಸುಮಾರು 5,000 ಚಿತ್ರಮಂದಿರಗಳಿದ್ದವು. 1920ರಲ್ಲಿ ಬಂದ ‘ಡಾಕ್ಟರ್ ಕಾಲಿಗಾರಿ’ಯ ಮೂಕಚಿತ್ರದಲ್ಲಿ ಓರೆಯಾದ ಗೋಡೆಗಳೂ ಬಣ್ಣದಲ್ಲಿ ಬರೆದ ನೆರಳುಗಳೂ ಭೀತಿಗೊಂಡ ಮನಸ್ಸನ್ನು ಕಣ್ಣಿಗೆ ಕಾಣಿಸಿದವು. ಮುರ್ನೌ ಎಂಬ ನಿರ್ದೇಶಕನ 1924ರ ಚಿತ್ರವೊಂದು, ಹೋಟೆಲಿನ ಬಾಗಿಲು ಕಾಯುವ ವೃದ್ಧನು ತನ್ನ ಸಮವಸ್ತ್ರವನ್ನು ಕಳೆದುಕೊಂಡ ಕಥೆಯನ್ನು ಹೇಳಿತು. ಸಂಭಾಷಣೆಯ ಬರೆಹಗಳ ನೆರವನ್ನು ಪಡೆಯದೆ, ಕೇವಲ ಚಿತ್ರಗಳ ಮೂಲಕ ಅದು ಮಾನಹೀನನಾದ ಮನುಷ್ಯನ ಸಂಕಟವನ್ನು ತಿಳಿಸಿತು. ಫ್ರಿಟ್ಸ್ ಲಾಂಗನ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ತೆರೆಕಂಡಿತು. 50 ಲಕ್ಷ ಮಾರ್ಕುಗಳಿಗೂ ಮಿಕ್ಕಿ ಅದಕ್ಕೆ ವೆಚ್ಚವಾಗಿತ್ತು. ಆದರೆ ಗಳಿಕೆ ಕೈಗೂಡಲಿಲ್ಲ.

ಬಾನುಲಿಯ ಕಥೆ ಇನ್ನೂ ವೇಗವಾದುದು. 1923ರ ಅಕ್ಟೋಬರ್ 29ರ ಸಂಜೆ, ಹಣದ ಮೌಲ್ಯ ಪಾತಾಳಕ್ಕಿಳಿದಿದ್ದ ಆ ದಿನಗಳಲ್ಲಿಯೇ, ಬರ್ಲಿನ್ನಿನ ವೋಕ್ಸ್ ಭವನದಿಂದ ಮೊದಲ ಸಾರ್ವಜನಿಕ ಪ್ರಸಾರ ನಡೆಯಿತು. ಆಗ ಕೇಳುಗರು ಬೆರಳೆಣಿಕೆಯಷ್ಟು. 1932ರ ವೇಳೆಗೆ ಪರವಾನಗಿ ಪಡೆದ ಗ್ರಾಹಕಯಂತ್ರಗಳು 40 ಲಕ್ಷವನ್ನು ಮೀರಿದ್ದವು. ತಿಂಗಳಿಗೆ 2 ಮಾರ್ಕು ಶುಲ್ಕ ತೆತ್ತವನ ಮನೆಗೆ ಬೀಥೋವನ್ನನ ಸಂಗೀತವೂ ಕುಣಿತದ ಹಾಡೂ ಮಕ್ಕಳ ಕಥೆಯೂ ವ್ಯವಸಾಯದ ಸಲಹೆಯೂ ಬರುತ್ತಿದ್ದವು. ಬಾನುಲಿಯ ಸಂಘಟನೆಯನ್ನು ಕಟ್ಟಿದ ಹಾನ್ಸ್ ಬ್ರೆಡೋ ಅದನ್ನು ಪಕ್ಷರಾಜಕೀಯದಿಂದ ದೂರವಿಡಬೇಕೆಂದು ಬಯಸಿದನು. ನಾಟಕಕಾರ ಬ್ರೆಖ್ಟ್ ಬೇರೊಂದು ಎಚ್ಚರಿಕೆಯನ್ನು 1932ರಲ್ಲಿ ಕೊಟ್ಟನು. ಒಂದು ಬಾಯಿ ಮಾತಾಡಿ ಲಕ್ಷ ಕಿವಿಗಳು ಕೇಳುವ ಈ ಯಂತ್ರದಲ್ಲಿ ಕೇಳುವವನಿಗೂ ಮಾತಾಡುವ ಅವಕಾಶವಿರಬೇಕು ಎಂಬುದು ಅವನ ವಾದದ ಸಾರ. ಅಂದು ಅದನ್ನು ಕವಿಯ ಕಲ್ಪನೆಯೆಂದು ಬದಿಗಿಟ್ಟರು.

ಇದೇ ಬ್ರೆಖ್ಟ್ ಮತ್ತು ಸಂಗೀತಗಾರ ಕುರ್ಟ್ ವೈಲ್ ಕೂಡಿ ರಚಿಸಿದ ‘ಮೂರು ಕಾಸಿನ ಸಂಗೀತನಾಟಕ’ವು 1928ರ ಆಗಸ್ಟ್ 31ರಂದು ಬರ್ಲಿನ್ನಿನಲ್ಲಿ ಮೊದಲ ಪ್ರಯೋಗವನ್ನು ಕಂಡಿತು. ಇನ್ನೂರು ವರ್ಷ ಹಳೆಯ ಇಂಗ್ಲಿಷ್ ನಾಟಕವೊಂದನ್ನು ಆಧರಿಸಿ, ಕಳ್ಳನಿಗೂ ದೊಡ್ಡ ವ್ಯಾಪಾರಿಗೂ ಅಂತರವೆಷ್ಟು ಎಂದು ಅದು ನಗುನಗುತ್ತಲೇ ಕೇಳಿತು. ಅದರ ಹಾಡುಗಳನ್ನು ಬೀದಿಯ ಹುಡುಗರೂ ಹಾಡತೊಡಗಿದರು. ಬ್ರೆಖ್ಟನ ನಾಟಕಗಳು ಕಾಲಾಂತರದಲ್ಲಿ ನಮ್ಮ ಕನ್ನಡ ರಂಗಭೂಮಿಗೂ ಬಂದುದನ್ನು ವಾಚಕರು ಬಲ್ಲರು. ಜಾಜ್ ಸಂಗೀತ, ಸಚಿತ್ರ ವಾರಪತ್ರಿಕೆಗಳು, ಕಾಲ್ಚೆಂಡು, ಮುಷ್ಟಿಕಾಳಗ, ಕೂದಲು ಕತ್ತರಿಸಿಕೊಂಡು ಕಚೇರಿಗೆ ಹೋಗುವ ಯುವತಿಯರು, ರಾತ್ರಿಯ ವಿಡಂಬನ ಗೋಷ್ಠಿಗಳು ಇವೆಲ್ಲವೂ ಆ ಕಾಲದ ನೋಟಗಳೇ.

ರಾತ್ರಿಯ ಬರ್ಲಿನ್ನಿನಲ್ಲಿ ಸ್ವೇಚ್ಛೆಯೂ ಶೋಷಣೆಯೂ ಇದ್ದವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಹಸಿವು ಹೆಂಗಸರನ್ನು ಬೀದಿಗೆ ತಳ್ಳಿದ್ದುಂಟು. ಆ ಹಸಿವನ್ನು ಮನರಂಜನೆಯಾಗಿ ಮಾರಿದವರೂ ಉಂಟು. ಹಳ್ಳಿಗಳಲ್ಲಿಯೂ ಚಿಕ್ಕ ಪಟ್ಟಣಗಳಲ್ಲಿಯೂ ಇದ್ದ ದೈವಭಕ್ತರು ರಾಜಧಾನಿಯ ಸುದ್ದಿಯನ್ನು ಓದಿ ಗಾಬರಿಗೊಂಡುದು ಸಹಜ. ಅಶ್ಲೀಲ ಬರೆಹದಿಂದ ಬಾಲಕರನ್ನು ರಕ್ಷಿಸಲೆಂದು ಗಣರಾಜ್ಯದ ಸಂಸತ್ತೇ 1926ರ ಡಿಸೆಂಬರಿನಲ್ಲಿ ಕಾನೂನನ್ನು ಮಾಡಿತು. ಅಂದರೆ, ನೀತಿಯ ಪ್ರಶ್ನೆಯನ್ನು ವಾದವಿವಾದದಿಂದ, ಕಾನೂನಿನಿಂದ ಬಗೆಹರಿಸುವ ದಾರಿ ಆ ವ್ಯವಸ್ಥೆಯಲ್ಲಿಯೇ ಇತ್ತು. ಹೊಸ ಕಲಾವಿದರ ತಪ್ಪೇನೆಂದರೆ, ಗಾಬರಿಗೊಂಡ ಈ ಜನರೊಡನೆ ಮಾತಾಡುವ ಬದಲು ಅನೇಕರು ಅವರನ್ನು ಹಾಸ್ಯಮಾಡಿ ಸುಮ್ಮನಾದರು. ಆ ಜನರ ಬಳಿಗೆ ಹೋಗಿ ಅವರ ದುಗುಡವನ್ನು ಆಲಿಸಿದಂತೆ ನಟಿಸಿದವರು ನಾಜಿಗಳು.

ಬೀಗದ ಕೈ ಯಾರಲ್ಲಿತ್ತು?

ಈಗ ನಮ್ಮ ವಿಚಾರದ ಮುಖ್ಯ ಭಾಗಕ್ಕೆ ಬರುತ್ತೇವೆ. ಹಿಂದಿನ ಕಾಲದ ಚಿತ್ರಕಾರನಿಗೆ ಬಟ್ಟೆಯೂ ಬಣ್ಣವೂ ಇದ್ದರೆ ಸಾಕಾಗಿತ್ತು. ಹೊಸ ಕಲೆಗೆ ಸರ್ಕಾರದ ಅನುದಾನ, ನಗರಸಭೆಯ ಬಜೆಟ್ಟು, ಚಿತ್ರಕಂಪೆನಿಯ ಬಂಡವಾಳ, ಪ್ರಸಾರಕೇಂದ್ರಗಳು ಬೇಕಾದವು. ಕಲೆಯು ಎಲ್ಲರ ಮನೆಗೆ ಹೋಗುವ ದಾರಿ ಇವುಗಳ ಮೂಲಕವೇ ಹಾಯಬೇಕಾಗಿತ್ತು. ಆ ದಾರಿಯ ಬಾಗಿಲುಗಳ ಬೀಗದ ಕೈಗಳು ಕಲಾವಿದರಲ್ಲಿಯೂ ಇರಲಿಲ್ಲ, ಕೇಳುವ ನೋಡುವ ಜನರಲ್ಲಿಯೂ ಇರಲಿಲ್ಲ. ಅವು ಒಂದೊಂದಾಗಿ ಕೈಬದಲಾದುದನ್ನು ನೋಡಿರಿ.

1924ರಲ್ಲಿ ವೈಮಾರ್ ಸೇರಿದ್ದ ಥುರಿಂಗಿಯ ಪ್ರಾಂತದಲ್ಲಿ ಬಲಪಂಥದ ಸರ್ಕಾರ ಬಂದು ಬೌಹೌಸಿನ ಅನುದಾನವನ್ನು ಮೊಟಕುಗೊಳಿಸಿತು. 1925ರಲ್ಲಿ ಶಾಲೆಯು ಡೆಸ್ಸೌ ನಗರಕ್ಕೆ ವಲಸೆ ಹೋಯಿತು. 1927ರಲ್ಲಿ, ಸಾಲದಲ್ಲಿ ಮುಳುಗಿದ್ದ ‘ಉಫಾ’ ಎಂಬ ದೇಶದ ಅತಿದೊಡ್ಡ ಚಿತ್ರಕಂಪೆನಿಯನ್ನು ಆಲ್ಫ್ರೆಡ್ ಹ್ಯೂಗೆನ್‌ಬರ್ಗ್ ಎಂಬ ಪತ್ರಿಕೋದ್ಯಮಿಯು ಕೊಂಡುಕೊಂಡನು. ಗಣರಾಜ್ಯವನ್ನು ದ್ವೇಷಿಸುತ್ತಿದ್ದ ಈತ ಮರುವರ್ಷ ಒಂದು ಬಲಪಂಥೀಯ ಪಕ್ಷದ ಅಧ್ಯಕ್ಷನಾದನು. 1933ರಲ್ಲಿ ಹಿಟ್ಲರನ ಮೊದಲ ಮಂತ್ರಿಮಂಡಲದಲ್ಲಿ ಮಂತ್ರಿಯೂ ಆದನು. ಮಾರ್ಲೀನ್ ಡೀಟ್ರಿಷ್ ನಟಿಸಿದ 1930ರ ‘ನೀಲ ದೇವತೆ’ ಎಂಬ ವಾಕ್ಚಿತ್ರವನ್ನು ತಯಾರಿಸಿದುದು ಇದೇ ಕಂಪೆನಿ. ಬರ್ಲಿನ್ನಿನ ಸ್ವೇಚ್ಛೆಯ ಸಂಕೇತವೆಂದು ಇಂದಿಗೂ ತೋರಿಸಲಾಗುವ ಆ ಚಿತ್ರದ ಲಾಭವು ನೀತಿಯ ರಕ್ಷಕನೆಂದು ಹೇಳಿಕೊಂಡವನ ಪೆಟ್ಟಿಗೆಯನ್ನೇ ಸೇರಿತೆಂಬುದು ಗಮನಾರ್ಹ.

1930ರಲ್ಲಿ ಎರಡು ಘಟನೆಗಳು ನಡೆದವು. ಜನವರಿಯಲ್ಲಿ ವಿಲ್ಹೆಲ್ಮ್ ಫ್ರಿಕ್ ಎಂಬ ನಾಜಿಯು ಥುರಿಂಗಿಯದಲ್ಲಿ ಗೃಹ ಹಾಗೂ ಶಿಕ್ಷಣ ಮಂತ್ರಿಯಾದನು. ಅದೇ ವರ್ಷ ವೈಮಾರಿನ ವಸ್ತುಸಂಗ್ರಹಾಲಯದಿಂದ ಕ್ಲೇ, ಡಿಕ್ಸ್ ಮೊದಲಾದವರ ಸುಮಾರು 70 ಕೃತಿಗಳನ್ನು ತೆಗೆಸಲಾಯಿತು. ಹಳೆಯ ಬೌಹೌಸ್ ಕಟ್ಟಡದಲ್ಲಿ ಷ್ಲೆಮ್ಮರ್ ಬರೆದಿದ್ದ ಭಿತ್ತಿಚಿತ್ರಗಳನ್ನು ನಾಶಪಡಿಸಲಾಯಿತು. ಡಿಸೆಂಬರಿನಲ್ಲಿ, ರೆಮಾರ್ಕನ ಯುದ್ಧಕಾದಂಬರಿಯನ್ನು ಆಧರಿಸಿದ ಅಮೆರಿಕನ್ ಚಿತ್ರವು ಬರ್ಲಿನ್ನಿನಲ್ಲಿ ಪ್ರದರ್ಶಿತವಾದಾಗ ಗಯಬೆಲ್ಸನ ಮುಂದಾಳುತನದಲ್ಲಿ ನಾಜಿಗಳು ಚಿತ್ರಮಂದಿರದಲ್ಲಿ ಬಿಳಿ ಇಲಿಗಳನ್ನು ಬಿಟ್ಟು, ದುರ್ವಾಸನೆಯ ಗುಂಡುಗಳನ್ನೆಸೆದು ಗಲಭೆಯೆಬ್ಬಿಸಿದರು. ಗಲಭೆ ಮಾಡಿದವರನ್ನು ಹತ್ತಿಕ್ಕುವುದರ ಬದಲಿಗೆ ಪರಿಶೀಲನ ಮಂಡಳಿಯು ಚಿತ್ರವನ್ನೇ ನಿಷೇಧಿಸಿತು. ಹಿಟ್ಲರನು ಅಧಿಕಾರಕ್ಕೆ ಬರುವುದಕ್ಕೆ ಎರಡು ವರ್ಷ ಮೊದಲೇ, ಗಣರಾಜ್ಯದ ಅಧಿಕಾರಿಗಳೇ, ಗಣರಾಜ್ಯದ ಕಾನೂನಿನಂತೆಯೇ ಇದನ್ನು ಮಾಡಿದರು. 118ನೆಯ ವಿಧಿಯ ಆ ಅಪವಾದವು ಇಲ್ಲಿ ಫಲಕೊಟ್ಟಿತು.

ಇಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತವು ಜರ್ಮನಿಯನ್ನು ಬಡಿದಿತ್ತು. 1928ರ ಚುನಾವಣೆಯಲ್ಲಿ ಶೇಕಡ 2.6ರಷ್ಟು ಮತ ಪಡೆದಿದ್ದ ನಾಜಿ ಪಕ್ಷವು 1930ರಲ್ಲಿ 18.3ಕ್ಕೂ 1932ರ ಜುಲೈನಲ್ಲಿ 37.3ಕ್ಕೂ ಏರಿತು. 1932ರ ಆರಂಭದಲ್ಲಿ ನಿರುದ್ಯೋಗಿಗಳು 60 ಲಕ್ಷವನ್ನು ಮೀರಿದ್ದರು. ಜಾಜ್ ಸಂಗೀತವೂ ವಿಡಂಬನ ಗೋಷ್ಠಿಗಳೂ 1928ರಲ್ಲಿಯೂ ಇದ್ದವು. ಆಗ ಜನರು ಆ ಪಕ್ಷವನ್ನು ತಿರುಗಿಯೂ ನೋಡಲಿಲ್ಲ. ಈ ನಾಲ್ಕು ವರ್ಷಗಳಲ್ಲಿ ಅಗಾಧವಾಗಿ ಹೆಚ್ಚಿದುದು ಹಸಿವೂ ಹತಾಶೆಯೂ. ವಿಲಾಸವೇ ಪತನದ ಕಾರಣವೆಂಬ ವಾದವು ಈ ಅಂಕಿಗಳ ಮುಂದೆ ನಿಲ್ಲಲಾರದು. 1932ರಲ್ಲಿ ಪಾಪೆನ್ನನ ಸರ್ಕಾರವು ಬಾನುಲಿಯನ್ನು ಇನ್ನಷ್ಟು ಬಿಗಿಯಾಗಿ ಸರ್ಕಾರದ ಹತೋಟಿಗೆ ತಂದಿತು. ಅದರ ಉದ್ದೇಶವೇನೇ ಇದ್ದಿರಲಿ, ಮುಂದೆ ಬರಲಿದ್ದವನಿಗೆ ಅದು ಸಿದ್ಧಪಡಿಸಿಟ್ಟ ಆಯುಧವಾಯಿತು. ಅದೇ ವರ್ಷ ನಾಜಿಗಳ ಪ್ರಾಬಲ್ಯವಿದ್ದ ಡೆಸ್ಸೌ ನಗರಸಭೆಯು ಬೌಹೌಸನ್ನು ಮುಚ್ಚಿಸಿತು.

ಕೆಲವೇ ವಾರಗಳ ಕಥೆ

1933ರ ಜನವರಿ 30ರಂದು ಹಿಟ್ಲರನು ಪ್ರಧಾನಿಯಾದನು. ಅಂದಿನ ರಾತ್ರಿಯ ಪಂಜಿನ ಮೆರವಣಿಗೆಯ ವರ್ಣನೆ ಬಾನುಲಿಯಲ್ಲಿ ಮನೆಮನೆಗೂ ಕೇಳಿಸಿತು. ಬ್ರೆಡೋ ಅದೇ ದಿನ ರಾಜೀನಾಮೆ ಕೊಟ್ಟನು. ತನ್ನ ಸಹೋದ್ಯೋಗಿಗಳನ್ನು ಬಂಧಿಸಿದಾಗ ತನ್ನನ್ನೂ ಬಂಧಿಸಿರೆಂದು ಕೇಳಿ ಸೆರೆಮನೆ ಸೇರಿದನು. ಫೆಬ್ರವರಿಯಲ್ಲಿ, ಎರಡು ಕಾರ್ಮಿಕ ಪಕ್ಷಗಳು ಒಂದಾಗಿ ನಾಜಿಗಳನ್ನು ತಡೆಯಬೇಕೆಂಬ ಮನವಿಗೆ ಸಹಿ ಮಾಡಿದ್ದ ಕೇಟೆ ಕೋಲ್ವಿಟ್ಸ್ ಮತ್ತು ಲೇಖಕ ಹೈನ್‌ರಿಷ್ ಮಾನ್ ಇಬ್ಬರನ್ನೂ ಪ್ರಷ್ಯದ ಅಕಾಡೆಮಿಯಿಂದ ಹೊರದೂಡಲಾಯಿತು. ಅವರು ಹೋಗದಿದ್ದರೆ ಅಕಾಡೆಮಿಯನ್ನೇ ಮುಚ್ಚುವ ಬೆದರಿಕೆಯಿತ್ತು. ಸದಸ್ಯರಲ್ಲಿ ಬಹುಪಾಲು ಜನ ಮೌನವಾಗಿದ್ದರು. ಇಬ್ಬರನ್ನು ಬಿಟ್ಟುಕೊಟ್ಟು ಸಂಸ್ಥೆಯನ್ನು ಉಳಿಸಿದೆವೆಂದು ಅವರು ಭಾವಿಸಿದರು. ಮರುತಿಂಗಳು ಹೊಸ ಸರ್ಕಾರಕ್ಕೆ ವಿಧೇಯರಾಗಿರುವ ಪತ್ರಕ್ಕೆ ಸಾಹಿತ್ಯ ವಿಭಾಗದ ಸದಸ್ಯರು ಸಹಿ ಮಾಡಬೇಕಾಯಿತು; ಒಪ್ಪದವರು ಹೊರನಡೆದರು. ಉಳಿದುದು ಸಂಸ್ಥೆಯಲ್ಲ, ಕಟ್ಟಡ ಮಾತ್ರ.

ಫೆಬ್ರವರಿ 28ರ ಸುಗ್ರೀವಾಜ್ಞೆಯು ವಾಕ್‌ಸ್ವಾತಂತ್ರ್ಯವನ್ನು ಅಮಾನತುಗೊಳಿಸಿತು. ಮಾರ್ಚಿನಲ್ಲಿ ಪ್ರಚಾರ ಮಂತ್ರಾಲಯ ಸ್ಥಾಪನೆಯಾಯಿತು. ಏಪ್ರಿಲಿನಲ್ಲಿ, ಬರ್ಲಿನ್ನಿನಲ್ಲಿ ಖಾಸಗಿಯಾಗಿ ನಡೆಯುತ್ತಿದ್ದ ಬೌಹೌಸಿಗೆ ಪೋಲೀಸರು ಬೀಗ ಹಾಕಿದರು. ಕ್ಯಾಂಡಿನ್ಸ್ಕಿ ಮತ್ತೊಬ್ಬ ಅಧ್ಯಾಪಕರನ್ನು ತೆಗೆದುಹಾಕಿದರೆ ಶಾಲೆಯನ್ನು ತೆರೆಯಬಹುದೆಂದು ಬೇಸಗೆಯಲ್ಲಿ ಷರತ್ತು ಬಂದಿತು. ಅಧ್ಯಾಪಕರು ಆ ಷರತ್ತಿಗೆ ಒಳಪಡದೆ ಜುಲೈನಲ್ಲಿ ಶಾಲೆಯನ್ನು ತಾವಾಗಿಯೇ ವಿಸರ್ಜಿಸಿದರು. ಅಕಾಡೆಮಿಯ ನಡೆಗೂ ಇವರ ನಡೆಗೂ ಇರುವ ಅಂತರವನ್ನು ವಾಚಕರೇ ತೂಗಿ ನೋಡಲಿ. ಮೇ 10ರ ರಾತ್ರಿ ಬರ್ಲಿನ್ನಿನಲ್ಲಿಯೂ ಹಲವು ವಿಶ್ವವಿದ್ಯಾಲಯಗಳ ಊರುಗಳಲ್ಲಿಯೂ ಪುಸ್ತಕಗಳನ್ನು ಸುಡಲಾಯಿತು. ಸುಟ್ಟವರು ಅನಕ್ಷರಸ್ಥರಲ್ಲ, ವಿದ್ಯಾರ್ಥಿಗಳ ಸಂಘಟನೆಯೇ ಅದನ್ನು ಏರ್ಪಡಿಸಿತ್ತು. ‘ಎಮಿಲ್ ಮತ್ತು ಪತ್ತೇದಾರರು’ ಎಂಬ ಮಕ್ಕಳ ಕಥೆಯನ್ನು ಬರೆದ ಎರಿಷ್ ಕೆಸ್ಟ್ನರ್, ತನ್ನ ಪುಸ್ತಕಗಳು ಉರಿಯುವುದನ್ನು ಗುಂಪಿನಲ್ಲಿ ನಿಂತು ಕಣ್ಣಾರೆ ಕಂಡನು.

ಆದರೆ ಸಾಮಾನ್ಯ ಪ್ರೇಕ್ಷಕನಿಗೆ ಏನು ಬದಲಾಯಿತು? ಇದು ನಾವು ಕೇಳಲೇಬೇಕಾದ ಪ್ರಶ್ನೆ. ಚಿತ್ರಮಂದಿರಗಳು ತೆರೆದೇ ಇದ್ದವು. ನಾಜಿ ಆಳ್ವಿಕೆಯ ಹನ್ನೆರಡು ವರ್ಷಗಳಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಕಥಾಚಿತ್ರಗಳಲ್ಲಿ ಬಹುಪಾಲು ಪ್ರೇಮಕಥೆ, ಹಾಸ್ಯ, ಸಂಗೀತದ ಚಿತ್ರಗಳೇ. 1933ರ ಆಗಸ್ಟಿನಲ್ಲಿ 76 ಮಾರ್ಕುಗಳ ಅಗ್ಗದ ‘ಜನತಾ ಬಾನುಲಿ’ ಪೆಟ್ಟಿಗೆ ಮಾರುಕಟ್ಟೆಗೆ ಬಂದಿತು. ಅದರ ಮಾದರಿಯ ಸಂಖ್ಯೆ 301. ಜನವರಿ 30ರ ನೆನಪಿಗಾಗಿ ಇಟ್ಟುದು. ಕಲೆಯನ್ನು ಎಲ್ಲರ ಮನೆಗೂ ಮುಟ್ಟಿಸಬೇಕೆಂಬ ಗಣರಾಜ್ಯದ ಕನಸನ್ನು ಸರ್ವಾಧಿಕಾರಿಯು ಅಳಿಸಲಿಲ್ಲ. ತನ್ನ ಧ್ವನಿಯನ್ನು ತುಂಬಿ ಅದನ್ನು ಪೂರೈಸಿದನು. ಮೋಜು ಉಳಿಯಿತು, ಪ್ರಶ್ನೆ ಹೋಯಿತು. 1937ರಲ್ಲಿ ಮ್ಯೂನಿಕ್ಕಿನಲ್ಲಿ ‘ಅಧಃಪತಿತ ಕಲೆ’ ಎಂಬ ಹೆಸರಿನಲ್ಲಿ ಸುಮಾರು 650 ಕೃತಿಗಳನ್ನು ನಿಂದಿಸಲೆಂದೇ ಪ್ರದರ್ಶಿಸಿದಾಗ ನೋಡಲು ಬಂದವರು 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನಗಲು ಬಂದವರೂ ಇದ್ದರು, ಮೌನವಾಗಿ ಬೀಳ್ಕೊಡಲು ಬಂದವರೂ ಇದ್ದರು.

ಚೆದುರಿದ ಬೀಜಗಳು

ಹೊರದೂಡಲ್ಪಟ್ಟವರು ಲೋಕದ ನಾನಾ ಕಡೆಗೆ ಹೋದರು. ಗ್ರೋಪಿಯಸ್ ಮತ್ತು ಬ್ರಾಯರ್ ಅಮೆರಿಕದ ಹಾರ್ವರ್ಡಿನಲ್ಲಿ ಅಧ್ಯಾಪಕರಾದರು. ಬ್ರೂನೋ ಟೌಟ್ ಜಪಾನಿಗೂ ಅಲ್ಲಿಂದ ತುರ್ಕಿಗೂ ಹೋಗಿ 1938ರಲ್ಲಿ ಅಲ್ಲಿಯೇ ತೀರಿಕೊಂಡನು. ನಮ್ಮ ನಾಡಿಗೂ ಆ ಬೀಜವೊಂದು ಬಂದು ಬಿದ್ದಿತು. 1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿ ಅಲ್ಲಿಯೇ ವಾಸ್ತುಶಾಸ್ತ್ರವನ್ನು ಕಲಿತ ಒಟ್ಟೋ ಕೋನಿಗ್ಸ್‌ಬರ್ಗರ್, ಯಹೂದಿ ಮೂಲದವನೆಂಬ ಕಾರಣದಿಂದ 1933ರಲ್ಲಿ ಕೆಲಸವನ್ನು ಕಳೆದುಕೊಂಡು ಈಜಿಪ್ಟಿಗೆ ಹೋದನು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1939ರಲ್ಲಿ, ಆತ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದನು. ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಕಟ್ಟಡವು ಆತನ ಕೃತಿಗಳಲ್ಲೊಂದು. ಬರ್ಲಿನ್ನಿನಲ್ಲಿ ಬಿಸಿಲನ್ನು ಒಳಗೆ ಕರೆಯಲು ಕಲಿತಿದ್ದವನು ಇಲ್ಲಿ ಬಿಸಿಲನ್ನು ತಡೆದು ಗಾಳಿಯನ್ನು ಕರೆಯುವುದನ್ನು ಕಲಿತನು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ವಸತಿ ನಿರ್ದೇಶಕನಾಗಿದ್ದು, 1951ರಲ್ಲಿ ಲಂಡನ್ನಿಗೆ ತೆರಳಿ, ಉಷ್ಣವಲಯದ ಗೃಹನಿರ್ಮಾಣವನ್ನು ಕುರಿತು ಜಗತ್ತಿಗೆ ಬೋಧಿಸಿದನು.

ಎಲ್ಲರೂ ಹೀಗೆ ಪಾರಾಗಲಿಲ್ಲ. ಕೊನೆಯದಾಗಿ ಇಬ್ಬರ ವಿಷಯವನ್ನು ವಾಚಕರ ಮುಂದಿಡುತ್ತೇವೆ. ಇಬ್ಬರೂ ಬೌಹೌಸಿನ ವಿದ್ಯಾರ್ಥಿಗಳು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬಾಕೆಯನ್ನು 1942ರಲ್ಲಿ ಥೆರೇಸಿಯನ್‌ಸ್ಟಾಟಿನ ಯಹೂದಿ ಶಿಬಿರಕ್ಕೆ ಒಯ್ಯಲಾಯಿತು. ಆಕೆ ಅಲ್ಲಿಯ ಮಕ್ಕಳಿಗೆ, ತಾನು ವೈಮಾರಿನಲ್ಲಿ ಕಲಿತ ರೀತಿಯಲ್ಲಿಯೇ, ಚಿತ್ರ ಬರೆಯುವುದನ್ನು ಕಲಿಸಿದಳು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಷ್‌ವಿಟ್ಸಿನಲ್ಲಿ ಕೊಲ್ಲಲಾಯಿತು. ಬಚ್ಚಿಟ್ಟಿದ್ದ ಪೆಟ್ಟಿಗೆಗಳಲ್ಲಿ ಮಕ್ಕಳ ಸುಮಾರು 4,500 ಚಿತ್ರಗಳು ಉಳಿದವು. ಅವುಗಳನ್ನು ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಫ್ರಿಟ್ಸ್ ಎರ್ಟ್ಲ್ ಎಂಬವನು ಡೆಸ್ಸೌನಲ್ಲಿ ಕಲಿತವನು. ಅದೇ ಆಷ್‌ವಿಟ್ಸಿನ ಶಿಬಿರದ ನಕ್ಷೆಗಳನ್ನು ತಯಾರಿಸಿದವರಲ್ಲಿ ಆತನೂ ಒಬ್ಬನು. ಒಂದೇ ಶಾಲೆ, ಒಂದೇ ವಿದ್ಯೆ. ಒಬ್ಬಳ ಕೈಯಲ್ಲಿ ಅದು ಸಾವಿನ ಮನೆಯಲ್ಲಿಯೂ ಮಗುವಿನ ಮನಸ್ಸನ್ನು ಕಾಪಾಡಿತು, ಇನ್ನೊಬ್ಬನ ಕೈಯಲ್ಲಿ ಸಾವಿನ ಮನೆಯನ್ನೇ ಕಟ್ಟಿತು.

ಆದುದರಿಂದ ಕಲೆಯು ಜರ್ಮನಿಯನ್ನು ಕೆಡಿಸಿತು ಎಂಬ ಮಾತು ಎಷ್ಟು ಸುಳ್ಳೋ, ಕಲೆಯೊಂದೇ ಅದನ್ನು ಕಾಪಾಡಬಹುದಾಗಿತ್ತು ಎಂಬ ಮಾತೂ ಅಷ್ಟೇ ಸುಳ್ಳು. ಕಾಪಾಡಬೇಕಾಗಿದ್ದವರು ನಾಗರಿಕರು. ಚಿತ್ರವೊಂದನ್ನು ಗಲಭೆಗಂಜಿ ನಿಲ್ಲಿಸಿದಾಗ, ಪ್ರಸಾರಕೇಂದ್ರವು ಒಂದೇ ಕೈಗೆ ಸೇರಿದಾಗ, ಇಬ್ಬರು ಸದಸ್ಯರನ್ನು ಸಭೆಯಿಂದ ಹೊರಗೆ ಕಳುಹಿದಾಗ, ಪ್ರತಿಯೊಂದು ಸಲವೂ ಅದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ಅವರು ಎಣಿಸಿದರು. ಮನೆಗೆ ಬರುವ ಹಾಡನ್ನೂ ಮಾತನ್ನೂ ಚಿತ್ರವನ್ನೂ ನಾವು ಸಂತೋಷದಿಂದ ಸ್ವೀಕರಿಸೋಣ; ಹಿಡಿಸದಿದ್ದರೆ ಧೈರ್ಯವಾಗಿ ಟೀಕಿಸೋಣ. ಆದರೆ ಅವು ಹಾದುಬರುವ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆಯೆಂದು ಆಗಾಗ್ಗೆ ಕೇಳುವ ಅಭ್ಯಾಸವನ್ನೂ ಇಟ್ಟುಕೊಳ್ಳೋಣ. ಆ ಹದಿನಾಲ್ಕು ವರ್ಷಗಳ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವಿದು.